ಚಪ್ಪಟೆ ಭೂಮಿ, ತಣ್ಣನೆ ಬೆಳದಿಂಗಳು: ಓದುಗರ ಪ್ರಶ್ನೆ, ಟೀಚರ್ ಉತ್ತರ

ಹೋದ ಸಂಚಿಕೆಯಲ್ಲಿ ಒಬ್ಬರು ಚಂದ್ರಗ್ರಹಣದ ಬಗ್ಗೆ ಕೇಳಿದ್ದರು. ಚಂದ್ರನ ಮೇಲೆ ಬೀಳುವುದು ಭೂಮಿಯ ನೆರಳು, ಅದರ ಅಂಚು ಯಾವಾಗಲೂ ಗುಂಡಗೇ ಇರುತ್ತದೆ, ಯಾಕೆಂದರೆ ಭೂಮಿ ಗುಂಡಗಿದೆ ಎಂದು ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಈ ಸಲ ಬಂದ ಕಾಗದಗಳೇ ಜಾಸ್ತಿ. ಭೂಮಿ ಗುಂಡಗಿದೆ ಅನ್ನೋದಕ್ಕೆ ಏನು ಗ್ಯಾರಂಟಿ ಎಂದು ಬಹಳ ಜನ ಕೇಳಿದ್ದಾರೆ. ಕೆಲವರು ಕೋಪದಿಂದ, ಕೆಲವರು ಕುತೂಹಲದಿಂದ.

ನನಗೆ ಬೇಸರವಾಗಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟೆ. ಭೂಮಿ ಗುಂಡಗಿದೆ ಎಂದು ಬೋರ್ಡಿನ ಮೇಲೆ ಹಡಗಿನ ಚಿತ್ರ ಬರೆದು ತೋರಿಸಿದೆ, ಪರೀಕ್ಷೆಯಲ್ಲಿ ಅದಕ್ಕೆ ಎರಡು ಮಾರ್ಕ್ಸ್ ಕೊಟ್ಟೆ. ಒಂದು ದಿನವೂ ಮಕ್ಕಳನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ ನೀವೇ ಅಳೆಯಿರಿ ಎನ್ನಲಿಲ್ಲ. ಈ ಅನುಮಾನಗಳಿಗೆ ನನ್ನಂಥ ಮೇಷ್ಟ್ರು, ಮೇಡಂಗಳೂ ಸ್ವಲ್ಪ ಕಾರಣ ಎಂದು ನನಗೆ ಅನ್ನಿಸುತ್ತದೆ. ಅದಕ್ಕೇ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ ಮೀಸಲು. ಬಾಹ್ಯಾಕಾಶದ ಫೋಟೋಗಳನ್ನು ಸಾಕ್ಷಿಗೆ ತರುವುದಿಲ್ಲ. ಅನುಮಾನ ಇರುವವರಿಗೆ ಮೊದಲ ಅನುಮಾನ ಫೋಟೋ ಮೇಲೇ ಅಲ್ವಾ? ನೀವು ನಿಮ್ಮ ತಾರಸಿ ಮೇಲೆ, ನಿಮ್ಮ ಕಣ್ಣಿಂದ ನೋಡಬಹುದಾದ್ದನ್ನೇ ಆದಷ್ಟು ಹೇಳುತ್ತೇನೆ.

ಪ್ರಶ್ನೆ: ನಮ್ಮ ಮನೆ ಹತ್ತನೇ ಮಹಡಿಯಲ್ಲಿದೆ. ಮಳೆ ನಿಂತು ಹೊಳವಾದ ಬೆಳಿಗ್ಗೆ ನಂದಿ ಬೆಟ್ಟ ಚೆನ್ನಾಗಿ ಕಾಣುತ್ತದೆ. ನೇರವಾಗಿ ಅಳೆದರೆ 42 ಕಿ.ಮೀ., ಅಂದರೆ 26 ಮೈಲಿ. 26ನ್ನು 26ರಿಂದ ಗುಣಿಸಿ, ಅದನ್ನು 8 ಇಂಚಿನಿಂದ ಗುಣಿಸಿದರೆ ಭೂಮಿಯ ಬಾಗು ಸಿಗುತ್ತದೆ ಎಂದು ಒಂದು ವಿಡಿಯೋದಲ್ಲಿ ಹೇಳಿದರು. ಲೆಕ್ಕ ಹಾಕಿದೆ, 450 ಅಡಿ ಬಂತು. ಅಷ್ಟು ಮರೆಯಾಗಬೇಕಿತ್ತು. ಆದರೆ ಬೆಟ್ಟ ಕಾಣುತ್ತಿದೆಯಲ್ಲ? — ಮಲ್ಲೇಶ್ವರದ ಓದುಗರು

ಉತ್ತರ: ನೀವು ಲೆಕ್ಕ ಹಾಕಿ ಬರೆದಿದ್ದೀರಿ, ನನಗೆ ಬಹಳ ಸಂತೋಷವಾಯಿತು. ಲೆಕ್ಕ ತಪ್ಪಿಲ್ಲ. ಆದರೆ ಅರ್ಧಕ್ಕೆ ನಿಂತಿದೆ.

ಆ 8 ಇಂಚಿನ ಸೂತ್ರ ನೆಲಕ್ಕೆ ಕಣ್ಣು ತಾಗಿಸಿ ಮಲಗಿ ನೋಡುವವರಿಗೆ. ನೀವು ನೋಡುತ್ತಿರುವುದು ಹತ್ತನೇ ಮಹಡಿಯಿಂದ. ನಿಮ್ಮ ಕಣ್ಣು ನೆಲದಿಂದ ಸುಮಾರು 30 ಮೀಟರ್ ಮೇಲಿದೆ ಎಂದುಕೊಳ್ಳೋಣ. ಎತ್ತರದ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. 30ಕ್ಕೆ ಅದು ಹೆಚ್ಚೂಕಡಿಮೆ ಇಪ್ಪತ್ತು ಕಿ.ಮೀ. ಅಲ್ಲಿಯ ತನಕ ಏನೂ ಮರೆಯಾಗುವುದಿಲ್ಲ. ಅಲ್ಲಿಂದ ಮುಂದಿನ ಇಪ್ಪತ್ತೆರಡು ಚಿಲ್ಲರೆ ಕಿಲೋಮೀಟರಿಗೆ ಮಾತ್ರ ಬಾಗು ಎಣಿಸಬೇಕು. ಆಗ ಮರೆಯಾಗುವುದು ಸುಮಾರು 40 ಮೀಟರ್, ಅಂದರೆ 130 ಅಡಿ. 450 ಅಲ್ಲ.

ಈಗ ಬೆಟ್ಟದ ಕಡೆ ಬನ್ನಿ. ನಂದಿ ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1,478 ಮೀಟರ್. ನಮ್ಮ ಬೆಂಗಳೂರು ಸುಮಾರು 920 ಮೀಟರ್. ನಮ್ಮ ನೆಲಕ್ಕಿಂತ ಬೆಟ್ಟ ಹತ್ತಿರ ಹತ್ತಿರ 1,800 ಅಡಿ ಎತ್ತರ. ಅದರಲ್ಲಿ ತಳದ 130 ಅಡಿ ಹೋದರೆ ನಿಮಗೆ ಗೊತ್ತೇ ಆಗುವುದಿಲ್ಲ. ಆ ಭಾಗ ಹೇಗೂ ಯಲಹಂಕದ ಕಟ್ಟಡಗಳ ಹಿಂದೆ, ತೋಪುಗಳ ಹಿಂದೆ ಇರುತ್ತದೆ. ನಿಮ್ಮ ವಿಡಿಯೋದವರ 450 ಅಡಿಯನ್ನೇ ಕಳೆದರೂ ಇನ್ನೂ 1,350 ಅಡಿ ಬೆಟ್ಟ ಕಾಣಬೇಕು. ವಿಡಿಯೋದಲ್ಲಿ ಬಾಗಿನ ಲೆಕ್ಕ ಹೇಳಿದರು, ಬೆಟ್ಟದ ಎತ್ತರ ಹೇಳಲಿಲ್ಲ.

ಬಾಗು ನೋಡಲು ಬೆಂಗಳೂರು ಒಳ್ಳೆಯ ಜಾಗ ಅಲ್ಲ. ನಮ್ಮದು ಏರುತಗ್ಗಿನ ನೆಲ. ಅದಕ್ಕೆ ಸಮುದ್ರ ಬೇಕು. ನನ್ನ ತಂಗಿ ಮಲ್ಪೆ ಕಡೆ ಇದ್ದಾಳೆ. ಅವಳ ಮನೆ ಇರುವುದು ಸಮುದ್ರದ ಎದುರಿನ ಕಟ್ಟಡದಲ್ಲಿ, ತಾರಸಿ ಸುಮಾರು 20 ಮೀಟರ್ ಎತ್ತರ. ಒಂದು ಡಿಸೆಂಬರ್ ಸಂಜೆ ಅವಳನ್ನು ನೀರಿನ ಅಂಚಿನಲ್ಲಿ ನಿಲ್ಲಿಸಿ ನಾನು ತಾರಸಿ ಹತ್ತಿದೆ. ಇಬ್ಬರ ಕಿವಿಯಲ್ಲೂ ಮೊಬೈಲ್. ಸೂರ್ಯ ಪೂರ್ತಿ ಮುಳುಗಿದ ಕ್ಷಣ "ಹೋಯ್ತು ಅಕ್ಕಾ" ಅಂದಳು. ನನಗೆ ಇನ್ನೂ ಕೆಂಪು ಚೂರು ಕಾಣುತ್ತಿತ್ತು. ಗಡಿಯಾರ ನೋಡಿಕೊಂಡೆ. ನನಗೆ ಮುಳುಗಿದ್ದು 23 ಸೆಕೆಂಡ್ ಆದ ಮೇಲೆ. ಅವಳು ನಂಬಲಿಲ್ಲ. ಮಾರನೇ ದಿನ ಜಾಗ ಅದಲು ಬದಲು ಮಾಡಿಕೊಂಡೆವು. ಆಗ ಅವಳಿಗೆ ತಡವಾಗಿ ಮುಳುಗಿತು.

ದೋಣಿಗಳೂ ಹಾಗೇ. ದಡದಲ್ಲಿ ನಿಂತವರಿಗೆ ದಿಗಂತ ನಾಲ್ಕೂವರೆ ಕಿ.ಮೀ. ದೂರದಲ್ಲೇ ಇದೆ. ಹತ್ತು ಕಿ.ಮೀ. ದೂರದ ಮೀನುಗಾರಿಕೆ ದೋಣಿಯ ತಳದ ಎರಡು ಮೀಟರಿಗೂ ಜಾಸ್ತಿ ಭಾಗ ನೀರಿನ ಹಿಂದೆ ಇರುತ್ತದೆ. ಬೈನಾಕ್ಯುಲರ್ ಹಿಡಿದರೆ ಮೇಲಿನ ಕಂಬ ದೊಡ್ಡದಾಗುತ್ತದೆ, ತಳ ವಾಪಸ್ ಬರುವುದಿಲ್ಲ. ತಾರಸಿ ಹತ್ತಿ, ತಳವೂ ಬರುತ್ತದೆ. ಬರೀ ದೂರದಿಂದ ಚಿಕ್ಕದಾಗಿದ್ದರೆ ಹತ್ತಿದ್ದಕ್ಕೆ ಯಾಕೆ ಕಾಣಬೇಕು?

ಪ್ರಶ್ನೆ: ಮೇಡಂ, ನಾನು ಗಾರೆ ಮೇಸ್ತ್ರಿ. ಇಪ್ಪತ್ತೈದು ವರ್ಷದಿಂದ ಪೈಪಿಗೆ ನೀರು ತುಂಬಿಸಿ ಮಟ್ಟ ನೋಡ್ತಾ ಬಂದಿದ್ದೀನಿ. ನೀರು ಯಾವತ್ತೂ ಮಟ್ಟಕ್ಕೇ ನಿಲ್ಲೋದು, ಬಾಗಿದ್ದು ನೋಡಿಲ್ಲ. ಬೆಳ್ಳಂದೂರು ಕೆರೆ ಅಷ್ಟು ದೊಡ್ಡದು, ಅದೂ ಚಪ್ಪಟೆಯಾಗೇ ಇದೆ. — ಬೆಳ್ಳಂದೂರಿನ ಓದುಗರು

ಉತ್ತರ: ಮೇಸ್ತ್ರಿಗಳೇ, ನಿಮ್ಮ ಕಾಗದ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಕೈಯಲ್ಲಿ ಕೆಲಸ ಮಾಡುವವರ ಪ್ರಶ್ನೆ ಇದು.

ನೀವು ಮಟ್ಟ ಅನ್ನುವುದು ಯಾವುದನ್ನು? ದಾರಕ್ಕೆ ಗುಂಡು ಕಟ್ಟಿ ಬಿಟ್ಟಾಗ ಅದು ನೆಟ್ಟಗೆ ನಿಲ್ಲುತ್ತದೆ. ಆ ದಾರಕ್ಕೆ ಅಡ್ಡಲಾಗಿ ಮೂಲೆಮಟ್ಟಕ್ಕೆ ಇರುವುದೇ ಮಟ್ಟ. ಗುಂಡು ತೋರಿಸುವುದು ಭೂಮಿಯ ನಡುವಿನ ಕಡೆ. ಹಾಗಾಗಿ ಇಲ್ಲಿ ಬಿಟ್ಟ ಗುಂಡು, ದೆಹಲಿಯಲ್ಲಿ ಬಿಟ್ಟ ಗುಂಡು ಒಂದಕ್ಕೊಂದು ಸಮಾನಾಂತರ ಅಲ್ಲ. ಎರಡರ ನಡುವೆ ಹದಿನೈದೂವರೆ ಡಿಗ್ರಿಗೂ ಜಾಸ್ತಿ ಕೋನ ಇದೆ. ಆದರೆ ನೀವು ಕಟ್ಟುವ ಮೂವತ್ತು ಮೀಟರ್ ಗೋಡೆಯಲ್ಲಿ ಈ ಬಾಗು ಎಷ್ಟು ಗೊತ್ತಾ? ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲೂ ಇಲ್ಲ. ನಿಮ್ಮ ರಸಮಟ್ಟಕ್ಕೂ ಗೊತ್ತಾಗುವುದಿಲ್ಲ, ನೀರಿನ ಪೈಪಿಗೂ ಗೊತ್ತಾಗುವುದಿಲ್ಲ.

ಬೆಳ್ಳಂದೂರು ಕೆರೆ ಉದ್ದಕ್ಕೆ ಸುಮಾರು ಮೂರೂವರೆ ಕಿ.ಮೀ. ಆ ತುದಿಯಿಂದ ಈ ತುದಿಗೆ ನೇರ ದಾರ ಎಳೆದರೆ ನಡುವೆ ನೀರು ದಾರಕ್ಕಿಂತ ಸುಮಾರು 24 ಸೆಂಟಿಮೀಟರ್ ಮೇಲೆ ಬರುತ್ತದೆ. ಒಂದು ಗೇಣು. ಮೂರೂವರೆ ಕಿಲೋಮೀಟರಿಗೆ ಒಂದು ಗೇಣು ಉಬ್ಬು ಯಾರ ಕಣ್ಣಿಗೆ ಕಾಣುತ್ತದೆ ಹೇಳಿ?

ಕಾಣದಿದ್ದರೂ ಅಳೆದವರಿದ್ದಾರೆ. ಅದೂ ನಮ್ಮ ಊರಿನಲ್ಲೇ. ವಿಲಿಯಂ ಲ್ಯಾಂಬ್ಟನ್ ಎಂಬ ಸರ್ವೆ ಅಧಿಕಾರಿ 1800ರಲ್ಲಿ ಬೆಂಗಳೂರಿನ ಹತ್ತಿರ ಏಳು ಮೈಲಿಗೂ ಉದ್ದದ ಗೆರೆಯನ್ನು ಸರಪಳಿ ಹಿಡಿದು ಅಳೆದರು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ದೊಡ್ಡ ಸರ್ವೆ ಶುರು ಮಾಡಿದರು. 1804ರಲ್ಲಿ ಮತ್ತೆ ಬೆಂಗಳೂರಿನ ಬಳಿ ಅಳೆದು ತಾಳೆ ನೋಡಿದರು. ಅವರ ಕೋನ ಅಳೆಯುವ ಯಂತ್ರದ ತೂಕ ಅರ್ಧ ಟನ್. ಬೆಟ್ಟದ ತುದಿಯಿಂದ ಇನ್ನೊಂದು ಬೆಟ್ಟದ ತುದಿಗೆ ಗುರಿ ಇಟ್ಟು ದೊಡ್ಡ ದೊಡ್ಡ ತ್ರಿಕೋನ ಅಳೆಯುತ್ತಿದ್ದರು.

ಶಾಲೆಯಲ್ಲಿ ನಾವು ಕಲಿತದ್ದು ಏನು? ತ್ರಿಕೋನದ ಮೂರು ಮೂಲೆ ಕೂಡಿದರೆ 180 ಡಿಗ್ರಿ. ಅದು ಚಪ್ಪಟೆ ಕಾಗದದ ಮೇಲೆ. ಗುಂಡನೆಯ ಮೇಲೆ ಬರೆದ ತ್ರಿಕೋನದಲ್ಲಿ 180ಕ್ಕಿಂತ ಜಾಸ್ತಿ ಬರುತ್ತದೆ. ನಮ್ಮ ಭೂಮಿಯ ಗಾತ್ರಕ್ಕೆ ಸುಮಾರು 200 ಚದರ ಕಿಲೋಮೀಟರ್ ತ್ರಿಕೋನಕ್ಕೆ ಒಂದು ಸೆಕೆಂಡ್ ಕೋನ ಜಾಸ್ತಿ. ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಒಂದು ಭಾಗಕ್ಕೆ ಸೆಕೆಂಡ್ ಎನ್ನುತ್ತಾರೆ. ಅಷ್ಟು ಸಣ್ಣದನ್ನೂ ಎಣಿಸಿ ಸರಿಮಾಡದೆ ಹೋದರೆ ಅವರ ನಕ್ಷೆ ಕೂಡುತ್ತಲೇ ಇರಲಿಲ್ಲ. ನಮ್ಮ ಜಮೀನಿನ ನಕ್ಷೆ, ಊರ ನಕ್ಷೆ ಎಲ್ಲದರ ಬುಡದಲ್ಲಿ ಇಂಥ ತ್ರಿಕೋನಗಳಿವೆ. ಅಳತೆಯವರ ಮಾತು ಅಳತೆಯವರಿಗೆ ಅರ್ಥವಾಗುತ್ತದೆ ಎಂದು ಇದನ್ನು ನಿಮಗೆ ಉದ್ದಕ್ಕೆ ಬರೆದೆ.

ಪ್ರಶ್ನೆ: ಹಾಗಿದ್ದರೆ ವಿಮಾನದ ಪೈಲಟ್ ಆಗಾಗ ಮೂತಿ ಕೆಳಗೆ ಮಾಡಬೇಕಲ್ಲ? — ಜೀವನಭೀಮಾನಗರದ ಓದುಗರು

ಉತ್ತರ: ಮಾಡುತ್ತಲೇ ಇರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಗಂಟೆಗೆ 900 ಕಿ.ಮೀ. ಹೋಗುವ ವಿಮಾನ ಒಂದು ಗಂಟೆಯಲ್ಲಿ ಬಾಗಬೇಕಾದ್ದು 8 ಡಿಗ್ರಿ. ನಿಮಿಷಕ್ಕೆ ಒಂದು ಡಿಗ್ರಿಯ ಏಳನೇ ಒಂದು ಪಾಲೂ ಆಗಲಿಲ್ಲ. ವಿಮಾನ ಗಾಳಿಯ ಒತ್ತಡ ನೋಡಿಕೊಂಡು ಒಂದೇ ಎತ್ತರದಲ್ಲಿ ಹಾರುತ್ತದೆ. ಗಾಳಿ ಭೂಮಿಯನ್ನು ಸುತ್ತಿಕೊಂಡಿದೆ, ವಿಮಾನವೂ ಅದರ ಜೊತೆ ಸುತ್ತುತ್ತದೆ.

ಪ್ರಶ್ನೆ: ಹುಣ್ಣಿಮೆ ರಾತ್ರಿ ತಾರಸಿಯಲ್ಲಿ ಎರಡು ಥರ್ಮಾಮೀಟರ್ ಇಟ್ಟೆ. ಒಂದು ಬೆಳದಿಂಗಳಲ್ಲಿ, ಇನ್ನೊಂದು ನೀರಿನ ಟ್ಯಾಂಕ್ ಕೆಳಗೆ ನೆರಳಿನಲ್ಲಿ. ಬೆಳದಿಂಗಳಲ್ಲಿದ್ದದ್ದು ಎರಡು ಡಿಗ್ರಿ ಕಡಿಮೆ ತೋರಿಸಿತು. ಬಿಸಿಲಾದರೆ ನೆರಳಿಗಿಂತ ಬಿಸಿ ಇರಬೇಕು. ಹಾಗಾದರೆ ಬೆಳದಿಂಗಳು ಸೂರ್ಯನ ಬೆಳಕಲ್ಲ, ಚಂದ್ರನದೇ ತಣ್ಣನೆ ಬೆಳಕು ಅನ್ನೋದು ನಿಜ ಅಲ್ವಾ? — ವಿಜಯನಗರದ ಓದುಗರು

ಉತ್ತರ: ನೀವು ನೋಡಿದ್ದು ಸುಳ್ಳಲ್ಲ. ನಾನೂ ಹನುಮಂತನಗರದ ನಮ್ಮ ಮನೆ ತಾರಸಿಯಲ್ಲಿ ಜನವರಿಯಲ್ಲಿ ಮಾಡಿ ನೋಡಿದೆ. ಒಂದು ಥರ್ಮಾಮೀಟರ್ ಬಯಲಿಗೆ, ಒಂದು ಹಳೇ ಛತ್ರಿ ಕೆಳಗೆ. ಬಯಲಲ್ಲಿದ್ದದ್ದು ಒಂದೂವರೆ ಡಿಗ್ರಿ ಕಡಿಮೆ.

ನೀವು ಅಲ್ಲಿಗೆ ನಿಲ್ಲಿಸಿದಿರಿ. ನಾನು ಹದಿನೈದು ದಿನ ಕಾದು ಅಮಾವಾಸ್ಯೆ ರಾತ್ರಿ ಮತ್ತೆ ಇಟ್ಟೆ. ಅದೇ ಛತ್ರಿ, ಅದೇ ಜಾಗ, ಅದೇ ಹೊತ್ತು. ಆಕಾಶ ಅವತ್ತೂ ಹೊಳವಾಗಿತ್ತು. ಬಯಲಲ್ಲಿದ್ದದ್ದು ಅವತ್ತೂ ಒಂದೂವರೆ ಡಿಗ್ರಿ ಕಡಿಮೆಯೇ ತೋರಿಸಿತು. ಚಂದ್ರನೇ ಇಲ್ಲದ ರಾತ್ರಿ! ತಂಪು ಮಾಡಿದ್ದು ಬೆಳದಿಂಗಳು ಅಲ್ಲ.

ಮತ್ತೆ ಏನು? ಬಿಸಿ ಇರುವ ಯಾವ ವಸ್ತುವೂ ಸುಮ್ನೆ ಇರುವುದಿಲ್ಲ, ಶಾಖವನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಛತ್ರಿ ಕೆಳಗಿದ್ದರೆ ಛತ್ರಿಯೂ ತನ್ನ ಶಾಖವನ್ನು ಕೆಳಗೆ ಕೊಡುತ್ತದೆ. ತೆರೆದ ಆಕಾಶ ಅಷ್ಟು ವಾಪಸ್ ಕೊಡುವುದಿಲ್ಲ. ಕೊಟ್ಟದ್ದು ಹೋಯಿತು, ಬಂದದ್ದು ಕಡಿಮೆ. ಇದನ್ನು ಬೆಂಗಳೂರಿನವರು ಎಲ್ಲರೂ ನೋಡಿದ್ದೀರಿ. ಚಳಿಗಾಲದ ಬೆಳಿಗ್ಗೆ ಬೀದಿಯಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟು ಇಬ್ಬನಿಯಿಂದ ತೊಯ್ದಿರುತ್ತದೆ, ಹೊಂಗೆ ಮರದ ಕೆಳಗೆ ನಿಲ್ಲಿಸಿದ್ದು ಒಣಗಿರುತ್ತದೆ. ಅದಕ್ಕೆ ಹುಣ್ಣಿಮೆ ಅಮಾವಾಸ್ಯೆ ಭೇದ ಇಲ್ಲ.

ಇನ್ನೂ ಅನುಮಾನ ಇದ್ದರೆ ಹೀಗೆ ಮಾಡಿ. ಹುಣ್ಣಿಮೆ ರಾತ್ರಿ ಎರಡು ಥರ್ಮಾಮೀಟರನ್ನೂ ಬಯಲಿಗೇ ಇಡಿ. ಒಂದರ ಮೇಲೆ ಚಂದ್ರ ಮಾತ್ರ ಮರೆಯಾಗುವ ಹಾಗೆ, ಸ್ವಲ್ಪ ದೂರದಲ್ಲಿ ಚಿಕ್ಕ ರಟ್ಟಿನ ತುಂಡು ಕಟ್ಟಿ. ಆಕಾಶ ಎರಡಕ್ಕೂ ಒಂದೇ ಸಮ ಕಾಣುತ್ತಿರಬೇಕು. ಚಂದ್ರ ಸರಿದ ಹಾಗೆ ರಟ್ಟನ್ನೂ ಸರಿಸಬೇಕು. ಎರಡೂ ಒಂದೇ ಡಿಗ್ರಿ ತೋರಿಸುತ್ತವೆ. ಹುಣ್ಣಿಮೆಯ ಬೆಳಕು ಬಿಸಿಲಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು ಅಷ್ಟೇ. ಅದು ತಂಪನ್ನೂ ಮಾಡುವುದಿಲ್ಲ. ಬಿಸಿ ಮಾಡಿದರೂ ನಮ್ಮ ಥರ್ಮಾಮೀಟರಿಗೆ ಗೊತ್ತಾಗುವಷ್ಟು ಮಾಡುವುದಿಲ್ಲ.

ಬೆಳದಿಂಗಳ ಊಟಕ್ಕೆ ಕೂತಾಗ ತಂಪೆನಿಸುವುದು ನಿಜ. ನಮ್ಮ ಕವಿಗಳು ಚಂದ್ರನನ್ನು ಹಿಮಕರ ಎಂದು ಕರೆದದ್ದೂ ಸರಿಯೇ. ಆ ತಂಪು ರಾತ್ರಿಯದು, ತೆರೆದ ಆಕಾಶದ್ದು.

ಪ್ರಶ್ನೆ: ಗುಂಡನೆಯ ಚಂದ್ರನ ಮೇಲೆ ಸೂರ್ಯನ ಬೆಳಕು ಬಿದ್ದರೆ ಸ್ಟೀಲ್ ಚೊಂಬಿನ ಮೇಲೆ ಹೊಳೆದ ಹಾಗೆ ಒಂದೇ ಕಡೆ ಚುಕ್ಕಿ ಹೊಳೆಯಬೇಕು. ಚಂದ್ರ ಪೂರ್ತಿ ಒಂದೇ ಸಮ ಬೆಳಗುತ್ತಾನೆ. ಅಂದರೆ ಒಳಗಿಂದಲೇ ಬೆಳಕು ಬರುತ್ತಿದೆ ಅಂತಲ್ಲವೇ? — ಕೆಂಗೇರಿಯ ಓದುಗರು

ಉತ್ತರ: ಚೊಂಬು ನುಣುಪು. ಚಂದ್ರ ನುಣುಪಲ್ಲ, ಧೂಳು ಮತ್ತು ಒಡೆದ ಕಲ್ಲು. ಅಡುಗೆ ಮನೆಯಿಂದ ಒಂದು ತಂಬಿಟ್ಟಿನ ಉಂಡೆ ತಂದು ಚೊಂಬಿನ ಪಕ್ಕದಲ್ಲಿ ಬಿಸಿಲಿಗೆ ಹಿಡಿಯಿರಿ. ಚೊಂಬಿನಲ್ಲಿ ಚುಕ್ಕಿ ಹೊಳೆಯುತ್ತದೆ. ಉಂಡೆಯಲ್ಲಿ ಬಿಸಿಲು ಬಿದ್ದ ಅರ್ಧ ಪೂರ್ತಿ ಬೆಳಗುತ್ತದೆ. ಒರಟು ಮೈ ಬೆಳಕನ್ನು ಎಲ್ಲಾ ಕಡೆ ಚೆಲ್ಲುತ್ತದೆ. ಚಂದ್ರನ ನೆಲ ನಿಜಕ್ಕೂ ಕಪ್ಪು, ಬಿದ್ದ ಬೆಳಕಿನಲ್ಲಿ ನೂರಕ್ಕೆ ಹನ್ನೆರಡು ಪಾಲು ಮಾತ್ರ ವಾಪಸ್ ಕೊಡುತ್ತದೆ. ಹಳೇ ಟಾರ್ ರೋಡ್ ಹೇಗಿರುತ್ತದೋ ಹಾಗೆ. ಸುತ್ತ ಕತ್ತಲೆ ಇರುವುದರಿಂದ ನಮಗೆ ಬೆಳ್ಳಗೆ ಕಾಣುತ್ತದೆ.

ಆ ಉಂಡೆಯನ್ನು ತಿನ್ನುವ ಮೊದಲು ಇನ್ನೊಂದು ಕೆಲಸ ಮಾಡಿ. ಇದು ನನಗೆ ಬಹಳ ಪ್ರೀತಿಯ ಪರೀಕ್ಷೆ. ಶುಕ್ಲಪಕ್ಷದ ಅಷ್ಟಮಿ ದಿನ ಸಂಜೆ ನಾಲ್ಕು ಗಂಟೆಗೆ ತಾರಸಿಗೆ ಹೋಗಿ. ಪಶ್ಚಿಮದಲ್ಲಿ ಸೂರ್ಯ ಇರುತ್ತಾನೆ, ಪೂರ್ವದ ಕಡೆ ಅರ್ಧ ಚಂದ್ರ. ಉಂಡೆಯನ್ನು ಕೈ ಚಾಚಿ ಚಂದ್ರನ ಪಕ್ಕಕ್ಕೆ ಬರುವ ಹಾಗೆ ಹಿಡಿಯಿರಿ. ಉಂಡೆಯ ಮೇಲೂ ಬಿಸಿಲು ಬೀಳುತ್ತಿರಲಿ. ಚಂದ್ರನ ಯಾವ ಅರ್ಧ ಬೆಳಗಿದೆಯೋ ಉಂಡೆಯದೂ ಅದೇ ಅರ್ಧ ಬೆಳಗಿರುತ್ತದೆ. ಅದೇ ಓರೆ, ಅದೇ ಗೆರೆ. ಎರಡು ದಿನ ಬಿಟ್ಟು ಮತ್ತೆ ಹಿಡಿಯಿರಿ. ಚಂದ್ರ ಬೆಳೆದಿರುತ್ತಾನೆ, ಉಂಡೆಯ ಬೆಳಗಿದ ಭಾಗವೂ ಅಷ್ಟೇ ಬೆಳೆದಿರುತ್ತದೆ. ಉಂಡೆಗೆ ಒಳಗಿಂದ ಬೆಳಕು ಬರುತ್ತಿಲ್ಲವಲ್ಲ! ನಮ್ಮ ಬೀದಿಯ ಮಕ್ಕಳಿಗೆ ಇದನ್ನು ತೋರಿಸಿದಾಗ ಒಬ್ಬ ಹುಡುಗಿ ಐದು ನಿಮಿಷ ಕೈ ಇಳಿಸಲೇ ಇಲ್ಲ.

ಟೆಲಿಸ್ಕೋಪಿನಲ್ಲಿ ನೋಡಬೇಕೆಂದರೆ ಹುಣ್ಣಿಮೆ ದಿನ ಬೇಡ, ಅಷ್ಟಮಿ ನವಮಿಗೆ ನೋಡಿ. ಬೆಳಕು ಕತ್ತಲೆಯ ಗಡಿಯಲ್ಲಿ ಚಂದ್ರನ ಗುಂಡಿಗಳ, ಬೆಟ್ಟಗಳ ಉದ್ದನೆ ನೆರಳು ಕಾಣುತ್ತದೆ. ಎಲ್ಲಾ ನೆರಳೂ ಸೂರ್ಯನಿಗೆ ಬೆನ್ನು ಮಾಡಿರುತ್ತವೆ. ನಮ್ಮ ಊರಿನಲ್ಲೇ ಹೈಗ್ರೌಂಡ್ಸ್‌ನ ಜವಾಹರಲಾಲ್ ನೆಹರು ತಾರಾಲಯ 1989ರಿಂದ ಇದೆ. ಅಲ್ಲಿಯವರನ್ನು ಕೇಳಿದರೆ ಆಕಾಶ ನೋಡುವ ದಾರಿ ಹೇಳಿಕೊಡುತ್ತಾರೆ.

ಇನ್ನೊಂದು ನೆನಪಾಯಿತು. 2023ರ ಆಗಸ್ಟ್ 23ರಂದು ನಮ್ಮ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಪೀಣ್ಯದ ಕೇಂದ್ರದಿಂದಲೇ ಅದನ್ನು ನಡೆಸಿದ್ದು, ಬ್ಯಾಲಾಳಿನ ದೊಡ್ಡ ಆಂಟೆನಾಗಳಿಂದ ಮಾತಾಡಿಸಿದ್ದು. ಆ ಜಾಗದಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಇಳಿಸಿದರು, ಸೆಪ್ಟೆಂಬರ್ ಮೊದಲ ವಾರ ಸೂರ್ಯ ಮುಳುಗುವ ಮುಂಚೆ ಮಲಗಿಸಿದರು. ಅದರ ಕರೆಂಟೆಲ್ಲ ಸೋಲಾರ್ ಹಲಗೆಯಿಂದ. ನೆಲವೇ ಬೆಳಗುತ್ತಿದ್ದರೆ ಸೂರ್ಯನಿಗೆ ಕಾಯುವ ಕೆಲಸ ಏನಿತ್ತು? ಇಸ್ರೋ ಮಾತು ಬೇಡ ಅನ್ನುವವರು ಇದನ್ನು ಬಿಡಿ, ಉಂಡೆ ಹಿಡಿಯಿರಿ.

ಪ್ರಶ್ನೆ: ನಾನು ಏಳನೇ ಕ್ಲಾಸು. ಆದಿಶೇಷ ಭೂಮಿಯನ್ನು ಹೊತ್ತಿದ್ದಾನೆ, ಗ್ರಹಣಕ್ಕೆ ರಾಹು ಕಾರಣ ಅಂತ ಅಜ್ಜಿ ಹೇಳ್ತಾರೆ. ಹಾಗಾದರೆ ನಮ್ಮ ಹಿಂದಿನವರು ಭೂಮಿ ಚಪ್ಪಟೆ ಅಂತ ಅಂದುಕೊಂಡಿದ್ರಾ? — ಯಲಹಂಕದ ಪುಟ್ಟ ಓದುಗಳು

ಉತ್ತರ: ಅಜ್ಜಿ ಹೇಳುವ ಕಥೆ ಚೆನ್ನಾಗಿದೆ ಪುಟ್ಟಿ, ಕೇಳು. ಆದರೆ ಲೆಕ್ಕ ಹಾಕುತ್ತಿದ್ದ ಹಿರಿಯರು ಬೇರೆಯೇ ಹೇಳಿದ್ದಾರೆ. ನಿನ್ನ ಶಾಲೆಯ ಟೈಂ ಟೇಬಲ್ ತೆಗೆದು ನೋಡು. ಭೂಗೋಳ ಅಂತ ಒಂದು ಪಾಠ ಇದೆಯಲ್ಲ? ಭೂಮಿ ಗೋಳ ಎಂದು ಆ ಹೆಸರೇ ಹೇಳುತ್ತಿದೆ.

499ನೇ ಇಸವಿಯ ಸುಮಾರಿಗೆ ಆರ್ಯಭಟರು ಬರೆದಿದ್ದಾರೆ: ಕದಂಬದ ಹೂವಿನ ಉಂಡೆಯ ಸುತ್ತ ಎಸಳು ತುಂಬಿರುವ ಹಾಗೆ ಭೂಮಿಯ ಸುತ್ತಲೂ ಜೀವಿಗಳು ತುಂಬಿದ್ದಾರೆ ಎಂದು. ಗ್ರಹಣ ಆಗುವುದು ಭೂಮಿಯ ನೆರಳಿನಿಂದ ಎಂದೂ ಅವರೇ ಹೇಳಿದರು. 1150ರಲ್ಲಿ ಭಾಸ್ಕರಾಚಾರ್ಯರು ಮಲ್ಲೇಶ್ವರದವರ ಪ್ರಶ್ನೆಗೂ, ಮೇಸ್ತ್ರಿಗಳ ಪ್ರಶ್ನೆಗೂ ಒಟ್ಟಿಗೆ ಉತ್ತರ ಕೊಟ್ಟ ಹಾಗೆ ಬರೆದಿದ್ದಾರೆ. ದೊಡ್ಡ ವೃತ್ತದ ನೂರನೇ ಒಂದು ಪಾಲು ನೇರವಾಗಿ ಕಾಣುತ್ತದೆ; ಭೂಮಿ ಬಹಳ ದೊಡ್ಡದು, ಅದರ ಮೇಲಿನ ಮನುಷ್ಯ ಬಹಳ ಚಿಕ್ಕವನು; ಅದಕ್ಕೆ ಅವನಿಗೆ ಭೂಮಿ ಚಪ್ಪಟೆಯಾಗಿ ಕಾಣುತ್ತದೆ ಎಂದು.

ಈಗ ಕೆಲವರು ಕಣ್ಣಿಗೆ ಕಾಣದ ಒಂದು ಕಪ್ಪು ವಸ್ತು ಅಡ್ಡ ಬಂದು ಗ್ರಹಣ ಆಗುತ್ತದೆ ಎನ್ನುತ್ತಾರೆ. ಅದು ರಾಹುವೇ ಆಯಿತಲ್ಲ! ಆ ವಸ್ತು ಯಾವಾಗಲೂ ಹುಣ್ಣಿಮೆಗೇ ಬರಬೇಕು, ಯಾವಾಗಲೂ ಸೂರ್ಯನ ನೇರ ಎದುರಿಗೇ ಇರಬೇಕು, ಚಂದ್ರನಿಗಿಂತ ಎರಡೂವರೆ ಪಟ್ಟಿಗೂ ದೊಡ್ಡದಾಗಿರಬೇಕು, ಆದರೂ ಬೇರೆ ರಾತ್ರಿ ಒಂದು ನಕ್ಷತ್ರವನ್ನೂ ಮರೆ ಮಾಡಬಾರದು. ಭೂಮಿಯ ನೆರಳಿಗೆ ಮಾತ್ರ ಈ ಎಲ್ಲಾ ಗುಣ ಇದೆ. 2025ರ ಸೆಪ್ಟೆಂಬರ್ 7ರ ರಾತ್ರಿ ಹನ್ನೊಂದರಿಂದ ಹನ್ನೆರಡು ಗಂಟೆ ಇಪ್ಪತ್ತೆರಡು ನಿಮಿಷದ ತನಕ ಚಂದ್ರ ಪೂರ್ತಿ ನೆರಳಲ್ಲಿದ್ದು ಕೆಂಪಾಗಿದ್ದ. ನೀನು ಮಲಗಿದ್ದಿರಬಹುದು. ಮುಂದಿನ ಸಲ ಅಜ್ಜಿಯನ್ನೂ ಎಬ್ಬಿಸಿಕೊಂಡು ನೋಡು.

ಪ್ರಶ್ನೆ: ನನ್ನ ತಮ್ಮನಿಗೆ ಒಂದು ವರ್ಷದಿಂದ ಇದೇ ಹುಚ್ಚು. ರಾತ್ರಿಯೆಲ್ಲ ವಿಡಿಯೋ ನೋಡುತ್ತಾನೆ. ಭಾನುವಾರ ಊಟಕ್ಕೆ ಕೂತರೆ ಭೂಮಿ ಚಪ್ಪಟೆ, ಎಲ್ಲರೂ ಸುಳ್ಳು ಹೇಳ್ತಿದ್ದಾರೆ ಅಂತ ಶುರು. ಹೋದ ವಾರ ನಾನು ಪೆದ್ದ ಅಂದೆ. ಎಲೆ ಮುಂದಿಂದ ಎದ್ದು ಹೋದ. ಅಮ್ಮ ಅತ್ತರು. ಅವನ ಜೊತೆ ಹೇಗೆ ವಾದ ಮಾಡಲಿ? — ಬನಶಂಕರಿಯ ಓದುಗರು

ಉತ್ತರ: ಮೊದಲು ಅವನಿಗೆ ಫೋನ್ ಮಾಡಿ, ಪೆದ್ದ ಅಂದದ್ದು ತಪ್ಪಾಯಿತು ಅನ್ನಿ. ಬೇರೆ ಎಲ್ಲ ಆಮೇಲೆ. ಹೇಳಿದ್ದನ್ನೆಲ್ಲ ಒಪ್ಪಬಾರದು, ಕೇಳಬೇಕು ಎಂಬ ಗುಣ ಅವನಲ್ಲಿದೆ. ಅದು ಒಳ್ಳೆಯ ಗುಣ. ಅದನ್ನು ಕೊಲ್ಲಬೇಡಿ.

ಪಂದ್ಯ ಮಾತ್ರ ಕಟ್ಟಬೇಡಿ. 1870ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಹ್ಯಾಂಪ್ಡನ್ ಎಂಬವನು ನೀರು ಬಾಗಿದ್ದನ್ನು ತೋರಿಸಿದರೆ 500 ಪೌಂಡ್ ಎಂದು ಸವಾಲು ಹಾಕಿದ. ಆಲ್ಫ್ರೆಡ್ ರಸೆಲ್ ವಾಲೇಸ್ ಒಪ್ಪಿಕೊಂಡರು. ಜೀವವಿಕಾಸದ ವಿಚಾರವನ್ನು ಡಾರ್ವಿನ್ ಜೊತೆಗೇ ಕಂಡುಕೊಂಡ ದೊಡ್ಡ ವಿಜ್ಞಾನಿ ಅವರು. ಬೆಡ್‌ಫರ್ಡ್ ಕಾಲುವೆಯ ಆರು ಮೈಲಿ ನೇರ ನೀರಿನ ಮೇಲೆ, ಎರಡು ತುದಿಯಲ್ಲಿ ಮತ್ತು ನಡುವೆ, ನೀರಿನಿಂದ ಒಂದೇ ಎತ್ತರದಲ್ಲಿ ಗುರುತು ಕಟ್ಟಿದರು. ದುರ್ಬೀನಿನಲ್ಲಿ ನೋಡಿದರೆ ನಡುವಿನ ಗುರುತು ಮೇಲೆದ್ದು ಕಂಡಿತು. ವಾಲೇಸ್ ಗೆದ್ದರು. ಹ್ಯಾಂಪ್ಡನ್ ಒಪ್ಪಿದನೇ? ಇಲ್ಲ. ವರ್ಷಗಟ್ಟಲೆ ಬೈದು ಕಾಗದ ಬರೆದ, ವಾಲೇಸರ ಹೆಂಡತಿಗೂ ಬೆದರಿಕೆ ಕಾಗದ ಹೋಯಿತು, ಕೋರ್ಟು ಕಚೇರಿ ಆಯಿತು. ದುಡ್ಡು, ಮಾನ ಪಣಕ್ಕಿಟ್ಟ ಮೇಲೆ ಮನುಷ್ಯ ಕಣ್ಣಿಂದ ಕಂಡದ್ದನ್ನೂ ಒಪ್ಪುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ನಡೆದದ್ದು ಹೇಳುತ್ತೇನೆ. 2024ರ ಡಿಸೆಂಬರಿನಲ್ಲಿ ಭೂಮಿ ಚಪ್ಪಟೆ ಎನ್ನುವ ಕೆಲವು ವಿಡಿಯೋದವರನ್ನು, ಗುಂಡಗಿದೆ ಎನ್ನುವವರನ್ನು ಒಟ್ಟಿಗೆ ಅಂಟಾರ್ಕ್ಟಿಕಾಕ್ಕೆ ಕರೆದುಕೊಂಡು ಹೋದರು. ಅಲ್ಲಿ ಆ ತಿಂಗಳು ಸೂರ್ಯ ಇಪ್ಪತ್ತನಾಲ್ಕು ಗಂಟೆಯೂ ಮುಳುಗುವುದಿಲ್ಲ. ಚಪ್ಪಟೆ ನಕ್ಷೆಯಲ್ಲಿ ಅದು ಆಗುವ ಹಾಗೇ ಇಲ್ಲ. ಅವರು ಅಲ್ಲಿ ನಿಂತು, ಸೂರ್ಯ ತಲೆ ಸುತ್ತ ಒಂದು ಸುತ್ತು ಬಂದದ್ದನ್ನು ನೋಡಿದರು. ಅವರಲ್ಲಿ ಬಹಳ ಹೆಸರು ಮಾಡಿದ್ದ ಒಬ್ಬರು, ಈ ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ ಎಂದು ಕ್ಯಾಮೆರಾ ಮುಂದೆಯೇ ಹೇಳಿದರು. ನನಗೆ ಅವರ ಮೇಲೆ ಗೌರವ ಬಂತು. ಸಾವಿರಾರು ಜನರ ಎದುರು ಹಾಗೆ ಹೇಳುವುದು ಸುಲಭ ಅಲ್ಲ.

ನೀವೂ ತಮ್ಮನನ್ನು ಎದುರಿಗೆ ಕೂರಿಸಿಕೊಳ್ಳಬೇಡಿ, ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಏನು ನೋಡಿದರೆ ನೀನು ಒಪ್ಪುತ್ತೀಯ ಎಂದು ಮೊದಲೇ ಕೇಳಿ. ನೀವೂ ಅದೇ ಹೇಳಿ: ಹೀಗೆ ಬಂದರೆ ನಾನೂ ಒಪ್ಪುತ್ತೇನೆ. ಇಬ್ಬರೂ ಒಂದು ಹಾಳೆಯಲ್ಲಿ ಬರೆದಿಡಿ. ಆಮೇಲೆ ಥರ್ಮಾಮೀಟರ್ ಅವನೇ ಇಡಲಿ, ಉಂಡೆ ಅವನೇ ಹಿಡಿಯಲಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಬೆಳದಿಂಗಳ ಮಾತು ಮುಗಿಯುವ ಮೊದಲು ಅವನು ವಿಮಾನಕ್ಕೆ ಹಾರಿದರೆ, ಅದನ್ನು ಮುಂದಿನ ಭಾನುವಾರಕ್ಕೆ ಬರೆದಿಟ್ಟುಕೊಳ್ಳೋಣ ಅನ್ನಿ. ಊಟದ ಹೊತ್ತಿನಲ್ಲಿ ಮಾತ್ರ ಬೇಡ. ಅಮ್ಮನ ಸಲುವಾಗಿ.

ಪ್ರಶ್ನೆ: ನೆರಳೇ ಬೀಳದ ದಿನ ಕೋಲು ನೆಟ್ಟು ಭೂಮಿಯನ್ನು ಅಳೆಯಬಹುದು ಅಂತಾರೆ. ಆದರೆ ಸೂರ್ಯ ಹತ್ತಿರದಲ್ಲಿದ್ದು ಭೂಮಿ ಚಪ್ಪಟೆಯಾಗಿದ್ದರೂ ಬೇರೆ ಊರಲ್ಲಿ ನೆರಳು ಬೀಳುತ್ತದಲ್ಲ? — ಜಯನಗರದ ಓದುಗರು

ಉತ್ತರ: ಒಳ್ಳೆಯ ಮಾತು. ಎರಡು ಊರು ಮಾತ್ರ ಅಳೆದರೆ ನಿಮ್ಮ ಮಾತು ನಿಲ್ಲುತ್ತದೆ. ಮೂರನೇ ಊರು ಬೇಕು.

ಬೆಂಗಳೂರಿನಲ್ಲಿ ಏಪ್ರಿಲ್ 24-25ರಂದು ಮತ್ತು ಆಗಸ್ಟ್ 18ರ ಹೊತ್ತಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಏಪ್ರಿಲಿನಲ್ಲಿ ಸುಮಾರು 12 ಗಂಟೆ 18 ನಿಮಿಷಕ್ಕೆ ಕೋಲಿನ ನೆರಳು ಬುಡಕ್ಕೆ ಸೇರಿ ಹೋಗುತ್ತದೆ. ನಾನು ಇದಕ್ಕೆ ನನ್ನ ಹಳೇ ವಿದ್ಯಾರ್ಥಿಗಳ ಸಹಾಯ ಕೇಳಿದೆ. ಒಬ್ಬಳು ದೆಹಲಿಯಲ್ಲಿ ಕೆಲಸದಲ್ಲಿದ್ದಾಳೆ. ಇನ್ನೊಬ್ಬ ಕಜಕಸ್ತಾನದ ಅಲ್ಮಾಟಿಯಲ್ಲಿ ಮೆಡಿಕಲ್ ಓದುತ್ತಿದ್ದ. ಮೂರೂ ಊರು ನಕ್ಷೆಯಲ್ಲಿ ಹೆಚ್ಚೂಕಡಿಮೆ ಒಂದೇ ಗೆರೆಯಲ್ಲಿ ಉತ್ತರಕ್ಕೆ ಇವೆ. ಎಲ್ಲರೂ ಒಂದು ಮೀಟರ್ ಕೋಲು ನೆಟ್ಟು, ಅವರವರ ಊರಿನಲ್ಲಿ ನೆರಳು ತೀರಾ ಚಿಕ್ಕದಾದಾಗ ಅಳೆದರು. ನಮ್ಮ ತಾರಸಿಯಲ್ಲಿ ಸೊನ್ನೆ. ದೆಹಲಿಯಲ್ಲಿ 28 ಸೆಂಟಿಮೀಟರ್. ಅಲ್ಮಾಟಿಯಲ್ಲಿ 58.

ನಮ್ಮಿಂದ ದೆಹಲಿ ನೇರವಾಗಿ ಸುಮಾರು 1,740 ಕಿ.ಮೀ. ಭೂಮಿ ಚಪ್ಪಟೆ ಎಂದುಕೊಂಡು ಲೆಕ್ಕ ಹಾಕಿ: ದೆಹಲಿಯ ನೆರಳಿನ ಪ್ರಕಾರ ಸೂರ್ಯನ ಎತ್ತರ ಸುಮಾರು 6,200 ಕಿ.ಮೀ. ಅಲ್ಮಾಟಿ ಸುಮಾರು 3,370 ಕಿ.ಮೀ. ಅಲ್ಲಿಯ ನೆರಳಿನ ಪ್ರಕಾರ 5,800. ಒಂದೇ ಸೂರ್ಯ, ಎರಡು ಎತ್ತರ! ಸೂರ್ಯ 6,200ರಲ್ಲೇ ಇದ್ದಿದ್ದರೆ ಅಲ್ಮಾಟಿಯಲ್ಲಿ ನೆರಳು 54 ಸೆಂಟಿಮೀಟರ್ ಇರಬೇಕಿತ್ತು. ನಾಲ್ಕು ಸೆಂಟಿಮೀಟರ್ ತಪ್ಪು ಸ್ಕೇಲಿನಲ್ಲಿ ಆಗುವಂಥದ್ದಲ್ಲ. ಈಗ ಭೂಮಿ ಗುಂಡಗೆ, ಸೂರ್ಯ ಬಹಳ ದೂರ ಎಂದುಕೊಳ್ಳಿ. ದೆಹಲಿಯ ಕೋನ 15.6 ಡಿಗ್ರಿ, ಅಲ್ಮಾಟಿಯದು 30 ಡಿಗ್ರಿಗೆ ಸ್ವಲ್ಪ ಜಾಸ್ತಿ. ಎರಡರಿಂದಲೂ ಭೂಮಿಯ ಸುತ್ತಳತೆ 40,000 ಕಿ.ಮೀ. ಹತ್ತಿರ ಬರುತ್ತದೆ. ಊರು ದೂರವಾದಷ್ಟೂ ಚಪ್ಪಟೆ ಲೆಕ್ಕ ಇನ್ನೂ ಕೆಡುತ್ತದೆ, ಗುಂಡನೆ ಲೆಕ್ಕ ಕೂಡುತ್ತಲೇ ಇರುತ್ತದೆ.

ಮುಂದಿನ ಏಪ್ರಿಲಿಗೆ ನೀವೂ ಮಾಡಿ. ಬೀದರ್, ಹೈದರಾಬಾದ್, ನಾಗಪುರ, ಭೋಪಾಲ್, ಎಲ್ಲಿ ನೆಂಟರಿದ್ದಾರೋ ಅಲ್ಲಿಗೆ ಈಗಲೇ ಫೋನ್ ಮಾಡಿ ಹೇಳಿಡಿ. ನೆಲ ಮಟ್ಟ ಇರಬೇಕು. ಕೋಲು ನೆಟ್ಟಗಿದೆಯಾ ಎಂದು ದಾರಕ್ಕೆ ಗುಂಡು ಕಟ್ಟಿ ನೋಡಿಕೊಳ್ಳಬೇಕು. ಹನ್ನೆರಡು ಗಂಟೆಯಿಂದ ಹನ್ನೆರಡೂವರೆ ತನಕ ಎರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಚಿಕ್ಕದಾದದ್ದನ್ನು ಅಳೆಯಿರಿ. ಊರಿನ ಹೆಸರು, ಕೋಲಿನ ಉದ್ದ, ನೆರಳಿನ ಉದ್ದ, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಬಂದ ಎಲ್ಲಾ ಅಳತೆಗಳನ್ನೂ, ಕೂಡಿದ್ದನ್ನೂ ಕೂಡದ್ದನ್ನೂ, ಜೂನ್ ಸಂಚಿಕೆಯಲ್ಲಿ ಹಾಕುತ್ತೇನೆ.